ಕಾನೂನು ಮೇಷ್ಟ್ರು, ಕನ್ನಡ ಮೇಷ್ಟ್ರು

ಶಿವಮೊಗ್ಗದ ಹಳೆಯ ರೈತ ಸಂಘದವರ ಜೊತೆ ಕೂತರೆ ‘ಪ್ರೊಫೆಸರ್’ ಅಂದರೆ ಎಂ.ಡಿ. ನಂಜುಂಡಸ್ವಾಮಿ. ಬಸ್ಸು ಹತ್ತಿ ಭದ್ರಾವತಿಗೆ ಬಂದು ದಲಿತ ಸಂಘರ್ಷ ಸಮಿತಿಯ (ದಸಂಸ) ಹಿರಿಯರನ್ನು ಮಾತಾಡಿಸಿ. ಪ್ರೊಫೆಸರ್ ಅಂದರೆ ಬಿ. ಕೃಷ್ಣಪ್ಪ. ಮೊದಲನೆಯವರು ಹೇಗ್‌ವರೆಗೆ ಹೋಗಿ ಕಾನೂನು ಓದಿ, ಬೆಂಗಳೂರಿನಲ್ಲಿ ಅದನ್ನೇ ಪಾಠ ಮಾಡಿದವರು. ಎರಡನೆಯವರು ಭದ್ರಾವತಿಯ ಸರ್ ಎಂ.ವಿ. ಕಾಲೇಜಿನ ಕನ್ನಡ ಮೇಷ್ಟ್ರು. ಸೋಜಿಗವೆಂದರೆ, ಬೀದಿಗಿಳಿದಾಗ ಕಾನೂನು ಮೇಷ್ಟ್ರು ಕಾನೂನು ಮುರಿಯಿರಿ ಎಂದರು. ಕನ್ನಡ ಮೇಷ್ಟ್ರು ಜಾರಿ ಮಾಡಿ ಎಂದು ಪಟ್ಟು ಹಿಡಿದರು.

ಇದಕ್ಕೆ ಇಬ್ಬರ ಸ್ವಭಾವ ಕಾರಣವಲ್ಲ, ಜಮೀನು ಕಾರಣ. 1980ರಲ್ಲಿ, ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದ ವರ್ಷವೇ, ನಂಜುಂಡಸ್ವಾಮಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣನವರ ಜೊತೆ ಕಟ್ಟಿದ ಸಂಘದ ರೈತನಿಗೆ ಹೊಲವಿತ್ತು, ಸಾಲವೂ ಇತ್ತು. ಅವನ ಮನೆಗೆ ಕಾನೂನು ಬರುತ್ತಿದ್ದದ್ದು ಜಪ್ತಿಯ ರೂಪದಲ್ಲಿ. ಹಾಗಾಗಿ ಜಪ್ತಿಯಾದದ್ದನ್ನು ವಾಪಸು ತರುವ ಮರುಜಪ್ತಿ, ಹಾಗಾಗಿ ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂದು ಊರ ಬಾಗಿಲಲ್ಲಿ ಬೋರ್ಡು.

ಕೃಷ್ಣಪ್ಪನವರ ಜನಕ್ಕೆ ಕಾನೂನು ಮನೆತನಕ ಬಂದದ್ದೇ ಇಲ್ಲ. ಸಾಗುವಳಿ ಚೀಟಿ ಟ್ರಂಕಿನಲ್ಲಿತ್ತು, ಗದ್ದೆಯಲ್ಲಿ ಬೇರೆಯವರ ನೇಗಿಲಿತ್ತು. ದಸಂಸದ ಆರಂಭದ ದಿನಗಳ ಸಿದ್ಲೀಪುರದ ಭೂಹೋರಾಟ ಹುಟ್ಟಿದ್ದು ಅಂಥ ನೆಲದಲ್ಲಿ. 1986ರ ಮಾರ್ಚ್‌ನಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ತಡೆಯಲು ಹೋದಾಗಲೂ ಅಷ್ಟೆ: ಕಾರ್ಯಕರ್ತರು ಮಾತ್ರವಲ್ಲ, ಪೊಲೀಸರೂ ಏಟು ತಿಂದರು. ನಿಷೇಧ ಬಂದದ್ದು ಆಮೇಲೆ.

ಕಾನೂನು ಜಾರಿ ಮಾಡಿ ಎಂಬ ಕನ್ನಡ ಮೇಷ್ಟ್ರ ಪಾಠಕ್ಕೆ ಇಂದಿಗೂ ಪರೀಕ್ಷೆ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯವೇ ಅಸಿಂಧು, ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ವಾರಸುದಾರರಿಗೆ ವಾಪಸು ಎಂಬ 1978ರ ಈ ಕಾನೂನನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯ, ಅರ್ಜಿ ಸಕಾಲದಲ್ಲಿ ಬರಬೇಕೆಂದಿತು. ಸಕಾಲ ಎಂದರೆ ಎಷ್ಟು ವರ್ಷ ಎಂಬ ಗೊಂದಲದಲ್ಲೇ ಎಷ್ಟೋ ಅರ್ಜಿಗಳು ಬಿದ್ದವು. 2023ರಲ್ಲಿ ಶಾಸನಸಭೆ ಕಾಲಮಿತಿಯೇ ಇಲ್ಲವೆಂದು ತಿದ್ದುಪಡಿ ತಂದರೂ ಹೈಕೋರ್ಟ್ ವಿಳಂಬದ ಪ್ರಶ್ನೆಯನ್ನು ಕೈಬಿಟ್ಟಿಲ್ಲ. ಕೊಂಡವರಲ್ಲಿ ಬಡ ರೈತರೂ ಇದ್ದಾರೆ, ರೈತ ಸಂಘದ ಹಸಿರು ಶಾಲು ಹೊದ್ದವರೂ ಇರಬಹುದು ಎನ್ನುವುದನ್ನು ಒಪ್ಪಬೇಕು. ಆದರೆ ಓದು ಬಾರದ ಅಜ್ಜ ಹೆಬ್ಬೆಟ್ಟು ಒತ್ತಿದ ಪತ್ರಕ್ಕೆ ಮೊಮ್ಮಗನ ವಿಳಂಬವನ್ನು ಲೆಕ್ಕ ಹಾಕುವುದು ಯಾವ ಗಣಿತ?

ಭದ್ರಾವತಿಯ ಜಮೀನಿನ ಇಂಥ ಅರ್ಜಿ ಶಿವಮೊಗ್ಗದ ಉಪವಿಭಾಗಾಧಿಕಾರಿಯ ಮುಂದೆ ಹೋಗಬೇಕು. ಪಹಣಿ ಸಿಗುತ್ತದೆ, ಮ್ಯುಟೇಷನ್ ಸಿಗುತ್ತದೆ. ಎಲ್ಲೇ ಆಗಲಿ ಅರ್ಜಿದಾರ ಎಡವುವುದು ಮೂಲ ಮಂಜೂರಾತಿ ಕಡತದ ಹತ್ತಿರ. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಸಾಕು, ವಾರಸುದಾರ ಮತ್ತೆ ವಕೀಲರ ಮನೆ ಬಾಗಿಲಿಗೆ. ಯಾವ ಸರ್ವೆ ನಂಬರು ಯಾವ ವರ್ಷ ಯಾರಿಗೆ ಮಂಜೂರಾಯಿತು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲು ಹೊಸ ಶಾಸನ ಬೇಕಿಲ್ಲ. ಶಿವಮೊಗ್ಗದಲ್ಲಿ ಕಾನೂನು ಕಾಲೇಜಿದೆ, ಕಾನೂನು ನೆರವು ಅದರ ಪಠ್ಯದಲ್ಲೇ ಇದೆ. ಆ ಹುಡುಗರು ವಾರಕ್ಕೊಂದು ದಿನ ಭದ್ರಾವತಿಯ ಬಸ್ಸು ಹತ್ತಲಿ, ಮೊದಲು ಆ ಟ್ರಂಕು ತೆಗೆಸಲಿ.