ಹಿಂದಿನ ಸೀಟಿನ ವಾಸನೆ

ಹೊಸದುರ್ಗದಿಂದ ಹೊಳಲ್ಕೆರೆಗೆ ಮದುವೆಗೆ ಹೊರಟಿದ್ದೆವು. ಸ್ಟಿಯರಿಂಗ್ ಹಿಡಿದವನು ತಮ್ಮ, ಪಕ್ಕದಲ್ಲಿ ನಾನು, ಹಿಂದೆ ಅಮ್ಮ, ಚಿಕ್ಕಮ್ಮ, ಇಬ್ಬರು ಮಕ್ಕಳು. ಊರು ದಾಟಿ ತೆಂಗಿನ ತೋಟಗಳು ಶುರುವಾಗುವಷ್ಟರಲ್ಲಿ ಚಿಕ್ಕಮ್ಮ ಸೆರಗನ್ನು ಮೂಗಿಗೆ ಹಿಡಿದು, "ಏನೋ ಪೆಟ್ರೋಲ್ ವಾಸನೆ ಕಣಪ್ಪ, ತಲೆ ಸುತ್ತುತ್ತೆ" ಅಂದರು. ತಮ್ಮ ಕನ್ನಡಿಯಲ್ಲೇ ನೋಡಿ, "ಈಗ ತಾನೆ ಬಂಕಲ್ಲಿ ಫುಲ್ ಮಾಡ್ಸಿದೀನಲ್ಲ ಚಿಕ್ಕಮ್ಮ, ಅದಕ್ಕೆ. ಗ್ಲಾಸ್ ಇಳಿಸ್ಕೊಳ್ಳಿ" ಅಂದ. ಗ್ಲಾಸು ಇಳಿಯಿತು. ಹತ್ತು ನಿಮಿಷ ಕಳೆದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ವಾಸನೆ ಅಲ್ಲೇ ಇತ್ತು. ನಮ್ಮ ಮೂಗು ಒಗ್ಗಿಹೋಗಿತ್ತು ಅಷ್ಟೆ.

ನಮ್ಮದು 2006ರ ಮಾರುತಿ 800, ಕೆಎ-16 ನಂಬರಿನದು. ಈ ವರ್ಷ ಅದಕ್ಕೆ 20 ತುಂಬುತ್ತದೆ. ಮದುವೆಯಿಂದ ಬಂದ ರಾತ್ರಿಯಿಂದ ಮನೆಯಲ್ಲಿ ಎರಡು ಪಕ್ಷ. "ಒಂದು ಪೈಪು ಹೋಗಿರುತ್ತೆ, ಬದಲಾಯಿಸಿದರೆ ಆಯ್ತು" ಎಂಬುದು ತಮ್ಮನ ಪಕ್ಷ. "ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ, ಗುಜರಿಗೆ ಹಾಕು" ಎಂಬುದು ಅಮ್ಮನ ಪಕ್ಷ. ಇಬ್ಬರ ಮಾತನ್ನೂ ತಿಂಗಳುಗಟ್ಟಲೆ ಕೇಳಿದ್ದೇನೆ. ಒಬ್ಬರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ.

ಇದು ನಮ್ಮ ಮನೆಯೊಂದರ ಜಗಳವೂ ಅಲ್ಲ. 796 ಸಿಸಿಯ ಈ ಪುಟ್ಟ ಕಾರು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಹೊಗೆ ಮಾಲಿನ್ಯದ ಬಿಎಸ್-4 ನಿಯಮ ಬಂದ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. ಆ ಪಟ್ಟಿಯಲ್ಲಿ ಇಲ್ಲದ ನಮ್ಮಂಥ ಜಿಲ್ಲೆಗಳಿಗೆ ಆ ತಡೆ ಇರಲಿಲ್ಲ. ಕಾರ್ಖಾನೆಯಲ್ಲಿ ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಅದರ ಮೇಲೆ ಬೆಂಗಳೂರಿನವರು ಕೊಟ್ಟು ಕೈತೊಳೆದುಕೊಂಡ ಝೆನ್, ಸ್ಯಾಂಟ್ರೊ, ಆಲ್ಟೊಗಳು 200 ಕಿಲೋಮೀಟರ್ ಹೆದ್ದಾರಿ ಹಿಡಿದು ಹಿರಿಯೂರು, ಚಿತ್ರದುರ್ಗಕ್ಕೆ ಬರುತ್ತವೆ. ಅಡಿಕೆ ತೋಟಕ್ಕೆ, ಸಂತೆಗೆ, ಆಸ್ಪತ್ರೆಗೆ, ಹೆರಿಗೆಗೆ ಇಲ್ಲಿ ದುಡಿಯುತ್ತಿರುವುದು ಅವೇ.

ತಮ್ಮನ ವಾದ ಶುರುವಾಗುವುದು ವಾಸನೆ ಎಲ್ಲಿಂದ ಬರುತ್ತದೆ ಎಂಬಲ್ಲಿಂದ. ಟ್ಯಾಂಕಿನಿಂದ ಇಂಜಿನ್‌ವರೆಗೆ ಪೆಟ್ರೋಲ್ ಹೋಗುವ ದಾರಿಯಲ್ಲಿ ಹೆಚ್ಚಿನ ಪಾಲು ಉಕ್ಕಿನ ಕೊಳವೆ; ಅಲ್ಲಲ್ಲಿ ಸೇರಿಸಲು ರಬ್ಬರ್ ಪೈಪಿನ ತುಂಡುಗಳು, ಅವನ್ನು ಹಿಡಿದಿಡಲು ಕ್ಲಿಪ್ಪುಗಳು. ಪಂಪು ಟ್ಯಾಂಕಿನೊಳಗೆ ಕೂರುವ ಬಾಯಿಗೆ ಒಂದು ಗ್ಯಾಸ್ಕೆಟ್. ಬಂಕಿನಲ್ಲಿ ನಳಿಗೆ ಇಡುವ ಬಾಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ಪೈಪು. ಇಂಜೆಕ್ಟರ್‌ಗಳ ಬುಡದಲ್ಲಿ ಸಣ್ಣ ರಬ್ಬರ್ ಉಂಗುರಗಳು. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ಫ್ಲೋಟಿನ ಸೂಜಿ ಸವೆದು ಪೆಟ್ರೋಲ್ ಉಕ್ಕುತ್ತದೆ. ಇವುಗಳಲ್ಲಿ ಬಹುತೇಕ ಹೋಗುವುದು ರಬ್ಬರು, ಮತ್ತು ರಬ್ಬರಿಗೆ ದುಡ್ಡು ಕಡಿಮೆ. ನಲವತ್ತು ಡಿಗ್ರಿ ಮುಟ್ಟುವ ಚಿತ್ರದುರ್ಗದ ಬೇಸಿಗೆಯಲ್ಲಿ ಇಪ್ಪತ್ತು ವರ್ಷ ಬಿಸಿಲಿಗೆ ನಿಂತ ರಬ್ಬರು ಒಡೆಯದೆ ಇನ್ನೇನಾದೀತು?

"ಹೊಸ ಕಾರಿನಲ್ಲಿ ಸೋರಲ್ವಾ?" ಎಂದೂ ಅವನು ಕೇಳುತ್ತಾನೆ. ಸೋರಿವೆ. 2010ರ ಫೆಬ್ರವರಿಯಲ್ಲಿ ಮಾರುತಿ ಕಂಪನಿ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ವಾಪಸ್ ಕರೆದದ್ದು ಪೆಟ್ರೋಲ್ ಪಂಪಿನ ಬಾಯಿಯ ಸೀಲು ಬದಲಿಸಲು. 2014ರ ಏಪ್ರಿಲ್‌ನಲ್ಲಿ ಸ್ವಿಫ್ಟ್, ಡಿಜೈರ್, ಎರ್ಟಿಗಾ ಸೇರಿ 1,03,311 ಕಾರುಗಳನ್ನು ಕರೆಸಿದಾಗ ಕಂಪನಿ ಕೊಟ್ಟ ಕಾರಣ ನಮ್ಮ ಚಿಕ್ಕಮ್ಮನ ದೂರೇ ಆಗಿತ್ತು: ಬಂಕಿನವನು ತಾನಾಗಿ ನಿಂತ ಪಂಪನ್ನು ಮತ್ತೆ ಒತ್ತಿ ಬಾಯಿತನಕ ತುಂಬಿಸಿದರೆ ಪೆಟ್ರೋಲ್ ವಾಸನೆ ಬರಬಹುದು, ತೀರಾ ಹೆಚ್ಚಾದರೆ ಸೋರಬಹುದು. ಅವು ತಯಾರಾಗಿ ಆರು ತಿಂಗಳೂ ಆಗಿರದ ಗಾಡಿಗಳು. ಯಾರೂ ಅವನ್ನು ಗುಜರಿಗೆ ಹಾಕಲಿಲ್ಲ. ಭಾಗ ಬದಲಿಸಿ ಮನೆಗೆ ಒಯ್ದರು. ಹೊಸದಕ್ಕೊಂದು ನ್ಯಾಯ, ಹಳೆಯದಕ್ಕೊಂದು ನ್ಯಾಯ ಯಾಕೆ ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರ ಇಲ್ಲ.

ಇನ್ನು ಹಣ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದು ನಿಜ. ಆದರೂ ಎಲ್ಲಕ್ಕಿಂತ ಅಗ್ಗದ ಕಾರಿಗೂ ಶೋರೂಮಿನಲ್ಲೇ ಮೂರೂವರೆ ಲಕ್ಷ, ಮೇಲೆ ತೆರಿಗೆ, ವಿಮೆ. ಹಳೆಯದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಂದರೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಆದರೆ ರಿಯಾಯಿತಿ ಸಿಗುವುದು ಹೊಸ ಕಾರು ಕೊಳ್ಳುವವನಿಗೆ. ಕೊಳ್ಳಲಾಗದವನು ಮತ್ತೆ ಬೈಕ್ ಹತ್ತುತ್ತಾನೆ, ಅದರ ಮೇಲೆ ಹೆಂಡತಿ ಮತ್ತು ಎರಡು ಮಕ್ಕಳು. ವಾಸನೆ ಬರುವ ಕಾರಿಗಿಂತ ಅದು ಕ್ಷೇಮ ಎಂದು ಎದೆ ಮುಟ್ಟಿ ಹೇಳಲು ನನ್ನಿಂದ ಆಗದು.

ಅಮ್ಮ ಪೈಪು, ಗ್ಯಾಸ್ಕೆಟ್ ಇವೇನನ್ನೂ ಅರಿತವರಲ್ಲ. ಆದರೆ ಸೀಮೆಎಣ್ಣೆ ಸ್ಟೌ ಹತ್ತಿಸಿ ಮೂವತ್ತು ವರ್ಷ ಅಡುಗೆ ಮಾಡಿದವರು. ಯಾವುದು ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಗೊತ್ತು. ಅವರ ಭಯಕ್ಕೆ ಪೆಟ್ರೋಲಿನ ಗುಣವೇ ಆಧಾರ. ಸೀಮೆಎಣ್ಣೆಯನ್ನು ಸ್ವಲ್ಪ ಕಾಯಿಸಬೇಕು, ಆಮೇಲೆ ಅದರ ಆವಿ ಹತ್ತುತ್ತದೆ. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹಾಗಾಗಿ ಮೇಲೇರಿ ಚದುರದೆ ಕಾರಿನ ತಳದಲ್ಲಿ, ಶೆಡ್ಡಿನ ನೆಲದಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಕಾದಿರುತ್ತದೆ. ಸೆಲ್ಫ್ ಹೊಡೆದಾಗ ಹಾರುವ ಕಿಡಿ, ಸಡಿಲವಾದ ಬ್ಯಾಟರಿ ಟರ್ಮಿನಲ್ಲು, ಬೀಡಿ ತುಂಡು, ಯಾವುದಾದರೂ ಆದೀತು.

ನಮ್ಮ ಕಾರಿನಂಥ ಇಂಜೆಕ್ಷನ್ ಗಾಡಿಯಲ್ಲಿ ಇನ್ನೊಂದು ತೊಂದರೆ ಇದೆ. ಹಳೆಯ ಕಾರ್ಬ್ಯುರೇಟರ್ ಕಾರಿನ ಪೈಪಿನಲ್ಲಿ ಒತ್ತಡ ತೀರಾ ಕಡಿಮೆ, ಬಿರುಕು ಬಿಟ್ಟರೆ ತೊಟ್ಟಿಕ್ಕುತ್ತದೆ. ಇಂಜೆಕ್ಷನ್ ಪೈಪಿನಲ್ಲಿ ಒತ್ತಡ ಅದರ ಹತ್ತು ಪಟ್ಟು. ಬಾನೆಟ್ ಒಳಗೆ ಅದು ಬಿರಿದರೆ ಚಿಮ್ಮುವುದೇ ಬಿಸಿ ಇಂಜಿನ್ ಮೇಲೆ. ಕಾರ್ಬ್ಯುರೇಟರ್ ಕಾಲದಲ್ಲಿ ಕಲಿತ ಧೈರ್ಯವನ್ನು ಈ ಗಾಡಿಗಳಿಗೆ ತರುವುದು ತಪ್ಪು.

ಬೆಂಕಿ ಎಂದಾಗ ಇಲ್ಲಿ ನೆನಪಾಗುವುದೊಂದಿದೆ. 2020ರ ಆಗಸ್ಟ್ 12ರ ನಸುಕಿನಲ್ಲಿ ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಬೆಂಕಿ ಬಿದ್ದು, ಮಕ್ಕಳೂ ಸೇರಿ ಐವರು ಸತ್ತರು. ಅದು ಬಸ್ಸು, ಅದರ ಕಥೆ ಬೇರೆ. ಸಣ್ಣ ಪೆಟ್ರೋಲ್ ಕಾರಿಗೆ ಅದನ್ನು ಸಾಕ್ಷಿಯಾಗಿ ತರುವುದು ಸರಿಯಲ್ಲ ಎಂದು ತಮ್ಮ ವಾದಿಸಿದ. ನಿಜವೇ. ಆದರೆ ಆ ದಾರಿಯಲ್ಲಿ ಓಡಾಡುವ ತಾಯಂದಿರಿಗೆ ಬೆಂಕಿ ಎಂದರೆ ಪತ್ರಿಕೆಯ ಸುದ್ದಿಯಾಗಿ ಉಳಿದಿಲ್ಲ. ಅವರಿಗೆ ಅದು ಗೊತ್ತಿರುವ ಜಾಗದಲ್ಲೇ ಆದದ್ದು.

ಅಮ್ಮನ ಪಕ್ಷಕ್ಕೆ ನಿಜವಾದ ಬಲ ಬರುವುದು ನಮ್ಮ ರಿಪೇರಿ ಪದ್ಧತಿಯಿಂದ. ಟ್ಯಾಂಕು ತೊಟ್ಟಿಕ್ಕಿದರೆ ಸೋಪು ಮೆತ್ತುತ್ತೇವೆ. ಅದೂ ಬಿಟ್ಟರೆ ಎಂ-ಸೀಲ್. ಕ್ಲಿಪ್ಪು ಸಿಗದಿದ್ದರೆ ತಂತಿ ಬಿಗಿಯುತ್ತೇವೆ. ಪೆಟ್ರೋಲ್ ಪೈಪಿನ ಜಾಗಕ್ಕೆ ನೀರಿನ ಪೈಪು ಹಾಕಿದ್ದನ್ನೂ ಕಣ್ಣಾರೆ ನೋಡಿದ್ದೇನೆ. "ಏನಾಗಲ್ಲ ಬಿಡಿ" ಎಂಬ ಮಾತಿನ ಮೇಲೆ ಎಷ್ಟು ಗಾಡಿ ಓಡುತ್ತಿವೆಯೋ. ಕೈಯಲ್ಲಿ ಹೊಗೆ ತಪಾಸಣೆ ಸರ್ಟಿಫಿಕೇಟ್ ಇದೆ ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ಆ ಯಂತ್ರ ಅಳೆಯುವುದು ಸೈಲೆನ್ಸರ್ ಬಾಯಿಂದ ಬರುವ ಹೊಗೆಯನ್ನು. ಟ್ಯಾಂಕಿನ ಕೆಳಗೆ ಬಕೆಟ್ಟಿಟ್ಟರೂ ಅದಕ್ಕೆ ತಿಳಿಯುವುದಿಲ್ಲ.

ಬೆಂಕಿಯ ಮಾತು ಬಿಟ್ಟರೂ ಉಸಿರಿನದೊಂದು ಇದೆ. ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್ ಇರಬಹುದು. ಅದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಸಂಶೋಧನಾ ಮಂಡಳಿ ನಿರ್ಧರಿಸಿ ದಶಕಗಳಾದವು. ಒಂದು ದಿನದ ಪ್ರಯಾಣಕ್ಕೆ ಹೆದರಬೇಕಿಲ್ಲ. ದಿನಾ ಅದೇ ಹಿಂದಿನ ಸೀಟಿನಲ್ಲಿ ಶಾಲೆಗೆ ಹೋಗುವ ಮಗುವಿನ ಲೆಕ್ಕ ಬೇರೆ.

ಗ್ಯಾರೇಜುಗಳಲ್ಲಿ ಈಗ ಎಲ್ಲಕ್ಕೂ ಒಂದೇ ಉತ್ತರ: "ಪೆಟ್ರೋಲೇ ಸರಿಯಿಲ್ಲ ಸಾರ್, ಎಥನಾಲ್ ಹಾಕ್ತಾರೆ." ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಹೆಚ್ಚಿನ ಬಂಕುಗಳಲ್ಲಿ ಬೇರೆ ಆಯ್ಕೆ ಇಲ್ಲದಂತಾಯಿತು. ಎಥನಾಲ್ ಹಳೆಯ ತರಹದ ರಬ್ಬರನ್ನು ಊದಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತುಕ್ಕಿಗೆ ದಾರಿ ಮಾಡುತ್ತದೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟ್‌ನಲ್ಲಿ ಒಪ್ಪಿತು: ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದು ಕಡಿಮೆ ಖರ್ಚಿನ ಕೆಲಸ ಎಂದು. ಎಥನಾಲ್ ಇಲ್ಲದ ಪೆಟ್ರೋಲೂ ಸಿಗುವಂತಾಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಕಾರಿನವನಾಗಿ ನನಗೆ ಅದರಿಂದ ಬೇಸರವಾಯಿತು. ಆದರೆ ನಮ್ಮ ಬಂಧುಗಳಲ್ಲಿ ಅರ್ಧ ಜನ ಮೆಕ್ಕೆಜೋಳ ಬೆಳೆಯುವವರು, ಮತ್ತು ಇಂದು ಎಥನಾಲಿನ ಮುಖ್ಯ ಕಚ್ಚಾವಸ್ತುಗಳಲ್ಲಿ ಮೆಕ್ಕೆಜೋಳವೂ ಒಂದು. 2025-26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಕೇಳಿದಾಗ, ಎಥನಾಲ್ ಕಾರ್ಖಾನೆಗಳು ಹೆಚ್ಚು ಕೊಳ್ಳಲಿ ಎಂದು ಬಯಸಿದವರಲ್ಲಿ ನಾವೂ ಇದ್ದೆವು. ಜೋಳ ಮಾರುವ ಕೈಯೂ ನಮ್ಮದೇ, ಸೋರುವ ಪೈಪೂ ನಮ್ಮದೇ. ಹೊಸ ಪೆಟ್ರೋಲು ಹಳೆಯ ರಬ್ಬರಿನ ಆಯುಸ್ಸು ಕಡಿಮೆ ಮಾಡಿರಬಹುದು. ಆದರೆ ಇಪ್ಪತ್ತು ವರ್ಷದ ರಬ್ಬರಿಗೆ ಆಯುಸ್ಸು ಉಳಿದಿತ್ತು ಎನ್ನುವುದೂ ನ್ಯಾಯವಲ್ಲ. ಎಥನಾಲ್ ತಡೆಯುವ ಪೈಪು ಸಿಗುತ್ತದೆ. ಅದನ್ನೇ ಕೇಳಿ ಹಾಕಿಸಬೇಕು ಅಷ್ಟೆ.

ನನ್ನ ಮಟ್ಟಿಗೆ ಗೆರೆ ಇರುವುದು ರಬ್ಬರಿಗೂ ಕಬ್ಬಿಣಕ್ಕೂ ನಡುವೆ. ಸೋರುತ್ತಿರುವುದು ರಬ್ಬರಾದರೆ ತಮ್ಮ ಗೆದ್ದ; ಎಲ್ಲ ರಬ್ಬರನ್ನೂ ಒಟ್ಟಿಗೆ ಬದಲಿಸಿ, ಮುಂದೆ ಓಡಿಸಲಿ. ಟ್ಯಾಂಕೋ ಉಕ್ಕಿನ ಕೊಳವೆಯೋ ಅದನ್ನು ಹೊತ್ತ ತಳವೋ ತುಕ್ಕಿಗೆ ತೂತಾಗಿದ್ದರೆ ಅಮ್ಮ ಗೆದ್ದರು. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ತೆರೆಯುವ ರೋಗ ಅದು. ಎರಡರಲ್ಲಿ ಯಾವುದೆಂದು ತಿಳಿಯಲು ಟ್ಯಾಂಕು ಇಳಿಸಿ ನೋಡಲೇಬೇಕು. ಅಲ್ಲಿಯವರೆಗೆ ಇಬ್ಬರದೂ ಊಹೆ. ಮತ್ತು ಆ ಊಹೆಯ ದಿನಗಳಲ್ಲಿ ಗಾಡಿ ಓಡಬಾರದು ಎಂಬಲ್ಲಿ ನಾನು ಪೂರ್ತಿ ಅಮ್ಮನ ಕಡೆ. ದಾರಿಯಲ್ಲಿ ವಾಸನೆ ಹೊಡೆದರೆ ಪಕ್ಕಕ್ಕೆ ನಿಲ್ಲಿಸಿ, ಕೀ ತಿರುಗಿಸಿ ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಬೇಕು. "ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ" ಅನ್ನಬಾರದು. ಬ್ಯಾಟರಿ ವೈರು ಕೀಳಲೂ ಹೋಗಬಾರದು, ಕೀಳುವಾಗಲೇ ಕಿಡಿ ಹಾರುತ್ತದೆ.

ಐದು ಸೆಕೆಂಡಿಗೊಂದು ಹನಿ ಎಂದರೆ ಕಡಿಮೆ ಅನ್ನಿಸುತ್ತದೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಾಕಿದರೆ ದಿನಕ್ಕೆ 864 ಮಿಲಿಲೀಟರ್ ಆಯಿತು. ಲೀಟರ್‌ಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ, ಪೈಪಿನ ದುಡ್ಡು ಎರಡು ವಾರದೊಳಗೆ ನೆಲಕ್ಕೆ ಸೋರಿರುತ್ತದೆ.

ಕೊನೆಗೆ ಹೊಸದುರ್ಗದ ಗ್ಯಾರೇಜಿನಲ್ಲಿ ಟ್ಯಾಂಕು ಇಳಿಸಿದರು. ಬಾಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ಪೈಪು ಮೇಲಿನ ಬಾಗಿನಲ್ಲಿ ಬೆರಳುದ್ದ ಸೀಳಿತ್ತು. ಅದಕ್ಕೇ ಫುಲ್ ಟ್ಯಾಂಕಿನ ದಿನ ಮಾತ್ರ ವಾಸನೆ. ಚಿಕ್ಕಮ್ಮನಿಗೆ ತಮ್ಮ ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ, ಅರ್ಧ ನಿಜವಾಗಿತ್ತು. ಟ್ಯಾಂಕಿನ ಎರಡು ತಟ್ಟೆ ಸೇರುವ ಅಂಚಿನಲ್ಲಿ ತುಕ್ಕು. ಮೇಸ್ತ್ರಿ ತಂತಿ ಬ್ರಷ್ಷಿನಿಂದ ಉಜ್ಜಿ, ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ, ಕಿವಿಗೊಟ್ಟು ಬಡಿದು ನೋಡಿದರು.

"ತೂತಾಗಿಲ್ಲ ಯಜಮಾನ್ರೆ. ಇನ್ನೆರಡು ವರ್ಷ ಬರುತ್ತೆ. ಆಮೇಲೆ ನನ್ನ ಕೇಳ್ಬೇಡಿ."

ಪೈಪುಗಳು, ಕ್ಲಿಪ್ಪುಗಳು, ಪಂಪಿನ ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ಆದರೆ ಮೇಸ್ತ್ರಿ ಕೊಟ್ಟದ್ದು ಎರಡು ವರ್ಷ, ಸರ್ಕಾರ ಕೇಳುವುದು ಐದು ವರ್ಷದ ನೋಂದಣಿ ಶುಲ್ಕ. 2021ರಲ್ಲಿ ಆರ್‌ಸಿ ನವೀಕರಿಸಿದಾಗ ಕಟ್ಟಿದ್ದು 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಕಟ್ಟುತ್ತೇನೆ ಎನ್ನುತ್ತಾನೆ ತಮ್ಮ. ಅಮ್ಮ ಇನ್ನೂ ಹೂಂ ಅಂದಿಲ್ಲ. ಕಾರಿನ ಕೀ ಈಗ ದೇವರ ಮನೆಯ ಗೂಟದಲ್ಲಿ, ಅವರ ಸುಪರ್ದಿಯಲ್ಲಿದೆ. ಬೆಳಿಗ್ಗೆ ಶೆಡ್ಡಿಗೆ ಹೋಗಿ, ಹಿಂದಿನ ಬಾಗಿಲು ತೆಗೆದು, ಬಗ್ಗಿ ಒಮ್ಮೆ ಮೂಸಿ ನೋಡಿ ಬರುತ್ತಾರೆ. ಆಮೇಲೆ ಕೀ ಕೊಡುತ್ತಾರೆ.