ಪದ್ಯದಲ್ಲಿಯ ಹಡಗುಗಳೂ ರೇವಿನಲ್ಲಿಯ ಹಡಗುಗಳೂ

ಬಾದಾಮಿಯ ಚಾಲುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯ ನೌಕಾಸೈನ್ಯವು ದಿನೇ ದಿನೇ ಬೆಳೆಯುತ್ತಲಿದೆ. ಆ ಮಹಾರಾಜನು ಕಾಲವಾಗಿ ಸಾವಿರದ ಮುನ್ನೂರು ಸಂವತ್ಸರಗಳು ಮಿಕ್ಕಿದ್ದರೂ ಆತನ ರೇವುಗಳಲ್ಲಿ ಬಡಗಿಗಳ ಉಳಿಯ ಸದ್ದು ನಿಂತಿಲ್ಲ. ಒಂದು ಉತ್ಸವದ ಭಾಷಣದಲ್ಲಿ ನೂರಾರು ಇದ್ದ ಹಡಗುಗಳು ಮರುವರ್ಷದ ಭಾಷಣದಲ್ಲಿ ಸಾವಿರವಾಗುತ್ತವೆ. ನಾಟಕಕಾರನ ಕೈಗೆ ಬಂದಾಗ ಅವುಗಳಿಗೊಬ್ಬ ಮಹಾನಾವಿಕನೂ, ಆ ಮಹಾನಾವಿಕನಿಗೊಂದು ಹೆಸರೂ ವಂಶವೂ ಮೀಸೆಯೂ ಒದಗುತ್ತವೆ. ಚಿತ್ರಕಾರನಾದರೋ ಪೋರ್ತುಗೀಜರ ಹಡಗಿನ ಕೂವೆಮರಗಳನ್ನೂ ಪಕ್ಕದ ತೋಪಿನ ಕಿಂಡಿಗಳನ್ನೂ ಕಿತ್ತು ತಂದು ಪುಲಕೇಶಿಗೆ ದಾನಮಾಡುತ್ತಾನೆ. ಏಳನೆಯ ಶತಮಾನದಲ್ಲಿ ಮದ್ದಿನ ತೋಪು ಎಲ್ಲಿಂದ ಬಂದಿತೆಂದು ಕೇಳಿದವನು ನಾಡಿನ ದ್ರೋಹಿಯೆನಿಸುತ್ತಾನೆ.

ಇದೊಂದು ನಿರುಪದ್ರವಿಯಾದ ವಿನೋದವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಕೊಳಕೂರದಂಥ ಒಂದು ಊರಿನ ಬಾಲಕನನ್ನು ಕ್ಷಣಮಾತ್ರ ನೆನೆಯಬೇಕು. ಆತನಿಗೂ ಪಡುಗಡಲಿಗೂ ನಡುವೆ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚಿನ ನೆಲವಿದೆ. ಆತನ ಹೊಲದ ಮೇಲೆ ಬಿದ್ದ ಮಳೆಯು ಭೀಮೆಯನ್ನು ಸೇರಿ, ಭೀಮೆಯು ಕೃಷ್ಣೆಯನ್ನು ಸೇರಿ, ಕಡೆಗೆ ಮೂಡುಗಡಲಿಗೆ ಹೋಗುತ್ತದೆಯೇ ಹೊರತು ಪುಲಕೇಶಿಯ ಹಡಗುಗಳಿದ್ದ ಕಡಲಿಗಲ್ಲ. ಆತನು ಕಂಡ ನೌಕೆಯೆಂದರೆ ಹೊಳೆಯ ಹರಗೋಲು. ಇಂಥವನಿಗೆ ವೇದಿಕೆಯ ಮೇಲಿನ ಮಾತನ್ನು ತೂಗಿನೋಡುವ ತಕ್ಕಡಿ ಯಾವುದು? ಹೇಳಿದ್ದೆಲ್ಲವೂ ಅವನಿಗೆ ಇತಿಹಾಸವೇ. ಆದುದರಿಂದ ಹೇಳುವವರು ಎರಡು ಪಟ್ಟು ಎಚ್ಚರದಿಂದಿರಬೇಕಾದುದು ಈ ಒಣಸೀಮೆಯಲ್ಲಿಯೇ.

ಈ ಸಮಸ್ತ ನೌಕಾಸೈನ್ಯವೂ ಹುಟ್ಟಿದ್ದು ಒಂದೇ ಒಂದು ಶ್ಲೋಕದಿಂದ. ಐಹೊಳೆಯ ಮೇಗುಟಿಯ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯೆಂಬ ಜೈನಕವಿಯು ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿ. ಶ. ೬೩೪ರಲ್ಲಿ, ಬರೆಯಿಸಿದ ಸಂಸ್ಕೃತ ಪ್ರಶಸ್ತಿಯಲ್ಲಿ ಅದು ಇದೆ. ಕೊಂಕಣದ ಮೌರ್ಯರನ್ನು ಗೆದ್ದ ಮೇಲೆ ಪಶ್ಚಿಮಸಮುದ್ರದ ಲಕ್ಷ್ಮಿಯೆನಿಸಿದ ಪುರಿಯೆಂಬ ನಗರವನ್ನು ರಾಜನು ಮದಗಜಗಳ ಸಮೂಹದಂತಿದ್ದ ನೂರಾರು ನಾವೆಗಳಿಂದ ಮುತ್ತಿದನೆಂದೂ, ಆಗ ಮೋಡದ ದಂಡುಗಳಿಂದ ಕವಿದ ಆಕಾಶವು ಕಡಲಿನಂತೆಯೂ ಕಡಲು ಆಕಾಶದಂತೆಯೂ ಆಯಿತೆಂದೂ ಅದರ ಭಾವ. ಶ್ಲೋಕವು ಸೊಗಸಾಗಿದೆ. ತನ್ನ ಕೀರ್ತಿಯನ್ನು ಕಾಲಿದಾಸ ಭಾರವಿಗಳ ಕೀರ್ತಿಯ ಸಾಲಿನಲ್ಲಿಟ್ಟುಕೊಂಡ ಕವಿಯು ಆ ಮಾತಿಗೆ ತಕ್ಕುದನ್ನೇ ಬರೆದಿದ್ದಾನೆ.

ಇಲ್ಲಿ ಅಲಂಕಾರಶಾಸ್ತ್ರವನ್ನು ಬಲ್ಲವರು ಎರಡು ಮಾತು ಹೇಳಬೇಕಾಗಿತ್ತು, ಅವರು ಸುಮ್ಮನಿದ್ದಾರೆ. ಮೊದಲನೆಯದು, ಸಂಸ್ಕೃತದಲ್ಲಿ ಶತವೆಂಬುದು ಎಣಿಸಿದ ಸಂಖ್ಯೆಯೂ ಹೌದು, ‘ಬಹಳ’ ಎಂಬುದರ ಹೆಸರೂ ಹೌದು; ಪ್ರಶಸ್ತಿಯ ಶತವನ್ನು ಲೆಕ್ಕದ ಖಾತೆಗೆ ಬರೆದುಕೊಳ್ಳುವುದು ಗೃಹಿಣಿಯು ಮಗುವಿಗೆ ‘ನೂರು ಸಲ ಹೇಳಿದೆ’ ಎಂದರೆ ತೊಂಬತ್ತೊಂಬತ್ತೇ ಆಯಿತೆಂದು ವಾದಿಸಿದಂತೆ. ಎರಡನೆಯದು, ನೌಶಬ್ದವು ಹಡಗಿಗೂ ಸಲ್ಲುತ್ತದೆ, ದೋಣಿಗೂ ಸಲ್ಲುತ್ತದೆ. ಆನೆಗಳ ಹೋಲಿಕೆಯಿಂದ ಗಾತ್ರವನ್ನು ಅಳೆಯಹೊರಟರೆ ಅದೇ ಶ್ಲೋಕದಲ್ಲಿ ಆಕಾಶವು ಸಮುದ್ರವಾಗಿದ್ದುದಕ್ಕೂ ಅಳತೆಯನ್ನು ಕೊಡಬೇಕಾದೀತು. ಉಪಮೆಯನ್ನು ದಫ್ತರವೆಂದು ಓದುವವನು ಇತಿಹಾಸಕ್ಕೆ ಮಾಡುವ ಅನ್ಯಾಯಕ್ಕಿಂತ ಕಾವ್ಯಕ್ಕೆ ಮಾಡುವ ಅನ್ಯಾಯವು ದೊಡ್ಡದು.

ಹಾಗಾದರೆ ಚಾಲುಕ್ಯರಿಗೆ ನೌಕಾಬಲವೇ ಇರಲಿಲ್ಲವೋ ಎಂದು ಪ್ರತಿವಾದಿಯು ಗುಡುಗುತ್ತಾನೆ. ಇತ್ತು, ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಅದೇ ಪ್ರಶಸ್ತಿಯು ಪುಲಕೇಶಿಯ ಚಿಕ್ಕಪ್ಪನಾದ ಮಂಗಲೇಶನು ರೇವತೀದ್ವೀಪವನ್ನು ಮುತ್ತಿದುದನ್ನೂ ಹೇಳುತ್ತದೆ. ನೀರಿನ ನಡುವಿನ ಊರನ್ನು ಕುದುರೆಯ ಮೇಲೆ ಕುಳಿತು ಹಿಡಿಯಲಾಗದು. ಆದರೆ ಆ ನಾವೆಗಳು ಯಾರವು? ಬಾದಾಮಿಯಲ್ಲಿ ಕಟ್ಟಿದವಂತೂ ಆಗಿರಲಾರವು. ಪುರಿಯೆಂಬುದು ಮುಂಬಯಿಯ ಬಳಿಯ ಘಾರಾಪುರಿಯೋ ಜಂಜೀರೆಯ ಹತ್ತಿರದ ರಾಜಪುರಿಯೋ ಎಂಬುದರಲ್ಲಿಯೇ ಪಂಡಿತರಿಗೆ ಒಮ್ಮತವಿಲ್ಲ. ಹುಟ್ಟುಹಾಕಿದವರು ಯಾರು, ಗಾಳಿಯ ದಿಕ್ಕನ್ನು ನೋಡಿ ‘ಈಗ ಬಿಡಿರಿ’ ಎಂದವರು ಯಾರು ಎಂಬುದನ್ನು ರವಿಕೀರ್ತಿಯು ಹೇಳುವುದಿಲ್ಲ. ಅದನ್ನು ಹೇಳುವುದು ಅವನ ಕೆಲಸವೂ ಅಲ್ಲ. ಕವಿಯು ಬಿಟ್ಟ ಈ ತೆರಪಿನಲ್ಲಿಯೇ ಕಲ್ಪನೆಯ ಮಹಾನಾವಿಕನು ಬಂದು ನಿಂತಿದ್ದಾನೆ. ತೀರದ ಬೆಸ್ತರೂ ಅಂಬಿಗರೂ ನಿಲ್ಲಬೇಕಾಗಿದ್ದ ಜಾಗವದು.

ತೀರದವರ ಹೆಸರೇ ಉಳಿದಿಲ್ಲವೆಂದು ತಿಳಿಯಬಾರದು. ಉಳಿದ ಒಂದು ಹೆಸರು ಕಲಬುರಗಿಯ ಸೀಮೆಗೆ ಬಹಳ ಹತ್ತಿರದ್ದಾಗಿದೆ. ಕಾಗಿಣೆಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸರ್ವವಿದಿತವು. ಅಲ್ಲಿಂದ ಆಳಿದ ಅರಸನನ್ನು ಅರಬ ಪ್ರವಾಸಿಗಳು ಬಲ್ಹರಾ ಎಂದು ಕರೆದು, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದರು. ಈ ದೊಡ್ಡ ಅರಸನ ಕಡಲತೀರವನ್ನು ನೋಡಿಕೊಳ್ಳುತ್ತಿದ್ದವರು ಯಾರು? ಇದಕ್ಕೆ ಉತ್ತರವು ಈಗಿನ ಪಾಲಘರ ಜಿಲ್ಲೆಯ ಚಿಂಚಣಿಯಲ್ಲಿ ೧೯೫೫ರಲ್ಲಿ ದೊರೆತ ತಾಮ್ರಪಟಗಳಲ್ಲಿದೆ. ಮುಮ್ಮಡಿ ಇಂದ್ರನ ಕಾಲದ, ಶಕವರ್ಷ ೮೪೮ರ (ಕ್ರಿ. ಶ. ೯೨೬) ಆ ಶಾಸನದ ಪ್ರಕಾರ ಸಂಯಾನಮಂಡಲವನ್ನು, ಎಂದರೆ ಇಂದಿನ ಸಂಜಾಣದ ಸೀಮೆಯನ್ನು, ಇಮ್ಮಡಿ ಕೃಷ್ಣನಿಂದ ಪಡೆದು ಆಳುತ್ತಿದ್ದವನು ಮಧುಮತಿಯೆಂಬ ತಾಜಿಕ. ತಾಜಿಕನೆಂದರೆ ಅರಬನು, ಮಧುಮತಿಯೆಂದರೆ ಮಹಮ್ಮದನೆಂಬ ಹೆಸರು ಸಂಸ್ಕೃತದ ಉಡುಪನ್ನುಟ್ಟುದು. ಇವನು ಬಂದರುಗಳ ಅಧಿಪತಿಗಳನ್ನೆಲ್ಲ ಗೆದ್ದು ಅಲ್ಲಲ್ಲಿ ತನ್ನ ಅಧಿಕಾರಿಗಳನ್ನಿಟ್ಟನು. ಮಾನ್ಯಖೇಟದ ಸಾರ್ವಭೌಮನಿಗೆ ಕಡಲಿನಲ್ಲಿ ತೋಳು ಇದ್ದುದಾದರೆ ಅದು ಈ ಮಧುಮತಿಯ ತೋಳು.

ಶಾಸನವು ಅಷ್ಟಕ್ಕೇ ನಿಲ್ಲದೆ ಮುಂದುವರಿಯುತ್ತದೆ. ಮಧುಮತಿಯು ಹೊಳೆಗಳನ್ನು ದಾಟಲು ಹಣವಿಲ್ಲದೆ ಸಾಗಿಸುವ ದೋಣಿಯನ್ನು ಏರ್ಪಡಿಸಿದನು. ಬಂದವರಿಗೆ ಅಕ್ಕಿಯ ಅನ್ನವನ್ನೂ ತುಪ್ಪವನ್ನೂ ನೀಡುವ ಸತ್ರವನ್ನಿಟ್ಟನು. ಅಣ್ಣಯ್ಯನೆಂಬ ಬ್ರಾಹ್ಮಣನು ಕಟ್ಟಿಸಿದ ದೇವಿಯ ಮಠಿಕೆಗೆ ಭೂಮಿಯನ್ನು ಬಿಡಿಸಿಕೊಟ್ಟನು. ಅಣ್ಣಯ್ಯ! ದೂರದ ಆ ತೀರದಲ್ಲಿ ಈ ಹೆಸರನ್ನು ಓದಿದಾಗ ಕನ್ನಡಿಗನ ಕಿವಿ ನಿಮಿರದೆ ಇರದು. ಅರಬನ ಅಧಿಕಾರ, ಕನ್ನಡದರಸನ ಮುದ್ರೆ, ದೇವಿಯ ನೈವೇದ್ಯ ಇವು ಮೂರೂ ಒಂದೇ ತಾಮ್ರದ ಮೇಲೆ ಇವೆ. ಇಂಥ ಸಂಗತಿಯು ಕೈಯಲ್ಲಿರಲು ಸಾವಿರ ಹಡಗುಗಳ ಕಟ್ಟುಕಥೆಯು ಏಕೆ ಬೇಕಾಯಿತು? ಕೆಲವರು ಬಾಯಿಬಿಟ್ಟು ಹೇಳದಿದ್ದರೂ ಕಾರಣವು ಸ್ಪಷ್ಟವೇ ಇದೆ. ಕಟ್ಟುಕಥೆಯ ಮಹಾನಾವಿಕನನ್ನು ಬೇಕಾದ ಕುಲದಲ್ಲಿ ಹುಟ್ಟಿಸಬಹುದು. ಮಧುಮತಿಯನ್ನು ಮಾತ್ರ ಅವನು ಹುಟ್ಟಿದಲ್ಲಿಯೇ ಬಿಡಬೇಕಾಗುತ್ತದೆ. ಗೋವೆಯ ಕದಂಬರೂ ಹನ್ನೊಂದನೆಯ ಶತಮಾನದಲ್ಲಿ ಇಂಥದೇ ಒಂದು ತಾಜಿಕ ಮನೆತನವನ್ನು ನೆಚ್ಚಿದ್ದರೆಂಬುದಕ್ಕೆ ಅವರ ಶಾಸನವೇ ಸಾಕ್ಷಿ. ಆದರೆ ಕದಂಬರ ಹೆಸರನ್ನು ಕಾರವಾರದ ನೌಕಾನೆಲೆಗೆ ೨೦೦೫ರಲ್ಲಿ ಇಟ್ಟಾಗ ಹಿಗ್ಗಿದವರಲ್ಲಿ ಆ ಮನೆತನವನ್ನು ನೆನೆದವರು ವಿರಳ. ಹೆಸರಿಟ್ಟುದು ಯೋಗ್ಯವೇ, ಅದನ್ನು ಪ್ರಮಾಣವೆಂದು ಮುಂದಿಡುವುದು ಯೋಗ್ಯವಲ್ಲ.

ಕಲ್ಪನೆಯ ಹಡಗುಗಳಿಂದ ಅರಸರಿಗೇ ಆದ ಹಾನಿಯನ್ನು ನೋಡಬೇಕಾದರೆ ಈಚಿನ ಕಾಲಕ್ಕೆ ಬರಬೇಕು. ಹೈದರಲಿಯು ೧೭೬೩ರಲ್ಲಿ ಬಿದನೂರನ್ನು ಹಿಡಿದು ಕರಾವಳಿಯ ಒಡೆಯನಾದ ಮೇಲೆ ಹಡಗುಗಳನ್ನು ಕೂಡಿಸಿದನು. ಅವು ಕಲ್ಪನೆಯವಲ್ಲ, ಮರದವೇ. ಆದರೆ ಅವುಗಳ ಮೇಲೆ ಕುದುರೆಯ ದಳದ ಒಬ್ಬ ಸರದಾರನನ್ನು ಅಧಿಪತಿಯಾಗಿ ಇಟ್ಟನು. ನೀರನ್ನು ಬಲ್ಲ ಹಡಗಿನ ನಾಯಕರು ಮನಸ್ಸು ಮುರಿದುಕೊಂಡರು. ೧೭೬೮ರಲ್ಲಿ ಇಂಗ್ಲಿಷರ ಹಡಗುಗಳು ಎದುರಾದಾಗ ಆ ಪಡೆಯು ಯುದ್ಧಮಾಡದೆ ಅವರನ್ನೇ ಕೂಡಿಕೊಂಡಿತು. ಉಳಿದು ಬೆಳೆದ ಹಡಗುಗಳನ್ನು ೧೭೮೦ರಲ್ಲಿ ಇಂಗ್ಲಿಷರು ಮಂಗಳೂರಿನಲ್ಲಿ ಸುಟ್ಟರು. ಅವನ ಮಗ ಟೀಪುವು ೧೭೯೬ರಲ್ಲಿ ನಾಲ್ವತ್ತು ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆಮಾಡಿ, ಅಧಿಕಾರಿಗಳ ದರ್ಜೆಗಳನ್ನೆಲ್ಲ ನಿಗದಿಪಡಿಸಿ ಬರೆಯಿಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗಲೂ ಆ ನೌಕಾಸೈನ್ಯದ ಬಹುಭಾಗವು ಕಾಗದದ ಮೇಲೆಯೇ ಇದ್ದಿತು. ಟೀಪುವಾದರೂ ಕಟ್ಟಬೇಕೆಂದು ಬರೆಯಿಸಿದನು. ಇಂದಿನ ಭಾಷಣಕಾರರು ಕಟ್ಟಿ ಆಗಿದೆಯೆಂದೇ ಹೇಳುತ್ತಾರೆ.

ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸಲಾಗಿದೆ, ಕಡಲಿನಿಂದಲ್ಲ. ಮಳಖೇಡದ ಅರಮನೆಗೆ ಅದರಿಂದ ಯಾವ ಸಂಕೋಚವೂ ಆದಂತೆ ತೋರುವುದಿಲ್ಲ. ತನಗೆ ತಿಳಿಯದ ಕಡಲನ್ನು ತಿಳಿದವನ ಕೈಯಲ್ಲಿಟ್ಟು, ಅವನ ದಾನಕ್ಕೆ ತನ್ನ ಹೆಸರನ್ನು ಕೊಟ್ಟ ಅರಸುತನವದು. ಮಳಖೇಡದ ಮುರಿದ ಕೋಟೆಯನ್ನು ತೋರಿಸಲು ಈ ಜಿಲ್ಲೆಯ ಉಪಾಧ್ಯಾಯರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ನೃಪತುಂಗನ ಹೆಸರನ್ನು ಹೇಳುತ್ತಾರೆ, ಕೋಟೆಯ ಬುರುಜುಗಳನ್ನು ಎಣಿಸುತ್ತಾರೆ, ಕಾಗಿಣೆಯ ದಡದಲ್ಲಿ ಬುತ್ತಿಯನ್ನು ಬಿಚ್ಚುತ್ತಾರೆ. ಹೊಳೆ ದಾಟುವವರಿಂದ ಹಣ ತೆಗೆದುಕೊಳ್ಳದ ಆ ಮಧುಮತಿಯ ಹೆಸರನ್ನು ಅಲ್ಲಿ ಇನ್ನೂ ಯಾರೂ ಹೇಳುತ್ತಿಲ್ಲ.