ಕಪ್ಪೆಯನ್ನು ಕಿಟಕಿಯಲ್ಲಿ ಇಡಬೇಡಿ

ಬೇಸಿಗೆಯ ಬೋಧನಾಭ್ಯಾಸಕ್ಕೆ ಜೀವಂತ ಕಪ್ಪೆಯನ್ನು ಬೋಧನೋಪಕರಣವಾಗಿ ತರುವ ರೂಢಿಯನ್ನು ನಾವು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಪಾಠಯೋಜನೆಯಲ್ಲಿ ‘ನೈಜ ವಸ್ತು: ಕಪ್ಪೆ’ ಎಂದು ಬರೆದರೆ ನೋಡುವವರಿಗೆ ಮೆಚ್ಚುಗೆಯಾಗುತ್ತದೆ. ಪಾಠ ಮುಗಿದ ಮೇಲೆ ಆ ನೈಜ ವಸ್ತು ಏನಾಯಿತೆಂದು ವೀಕ್ಷಣಾ ನಮೂನೆ ಕೇಳುವುದಿಲ್ಲ.

ನಾನು ಅಭ್ಯಾಸಕ್ಕೆ ಹೋಗಿದ್ದು ಜಡೆ ಸುತ್ತಿನ ಒಂದು ಶಾಲೆಗೆ. ಮಾರ್ಚ್ ತಿಂಗಳು. ಹಿಂದಿನ ತಂಡದವರು ಪಾಠ ಮುಗಿಸಿ ಬಿಟ್ಟುಹೋಗಿದ್ದ ಕಪ್ಪೆಯೊಂದನ್ನು ಎಂಟನೇ ತರಗತಿಯ ಮಕ್ಕಳು ಸಾಕಿಕೊಂಡಿದ್ದರು. ಉಪ್ಪಿನಕಾಯಿಯ ಗಾಜಿನ ಬಾಟಲಿ, ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ನಾಲ್ಕು ತೂತು, ಪಡುವಣ ಕಿಟಕಿಯ ಕಟ್ಟೆ. ಮಕ್ಕಳ ಪ್ರೀತಿಗೇನೂ ಕೊರತೆಯಿರಲಿಲ್ಲ, ದಿನಾ ಇರುವೆ, ನೊಣ ಹಿಡಿದು ಹಾಕುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಆ ಬಾಟಲಿ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತಿತ್ತು.

ಕಪ್ಪೆ ಶೀತರಕ್ತ ಪ್ರಾಣಿ ಎಂದು ನಾವೇ ಕರಿಹಲಗೆಯ ಮೇಲೆ ಬರೆಯುತ್ತೇವೆ. ಅದರ ಅರ್ಥವನ್ನು ಬಾಟಲಿಗೆ ಅನ್ವಯಿಸುವುದಿಲ್ಲ. ಸುತ್ತಲಿನ ಬಿಸಿಯೇ ಅದರ ಮೈಬಿಸಿ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಶ್ವಾಸಕೋಶವಿದ್ದರೂ ಉಸಿರಾಟದ ಒಂದು ಪಾಲು ಚರ್ಮದಿಂದಲೇ ನಡೆಯಬೇಕು, ಚರ್ಮ ಒಣಗಿದರೆ ಅದೂ ನಿಂತಿತು. ಗೊದಮೊಟ್ಟೆಯಾದರೆ ಇನ್ನೂ ಕಷ್ಟ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಕಾದಷ್ಟೂ ಜೀವಿಗೆ ಬೇಕಾಗುವ ಆಮ್ಲಜನಕ ಹೆಚ್ಚು, ಸಿಗುವುದು ಕಡಿಮೆ.

ತರಬೇತಿಗಳಲ್ಲಿ ಒಂದು ಕಥೆ ಹೇಳುತ್ತಾರಲ್ಲ, ನೀರನ್ನು ನಿಧಾನವಾಗಿ ಕಾಯಿಸಿದರೆ ಕಪ್ಪೆ ಗೊತ್ತಾಗದೆ ಬೆಂದುಹೋಗುತ್ತದೆ ಎಂದು. ಅದು ಸುಳ್ಳು. ದಾರಿಯಿದ್ದರೆ ಕಪ್ಪೆ ಜಿಗಿದು ಹೊರಬರುತ್ತದೆ. ಮುಚ್ಚಳ ಬಿಗಿದವರು ನಾವು.

ಆ ತರಗತಿಯಲ್ಲಿ ಉಪಾಯ ಹೂಡಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. “ನಮ್ಮನಿ ಬಚ್ಚಲದಾಗೆ ಒಂದು ಐತ್ರಿ ಸರ್, ಹಂಡೆ ಹಿಂದೆ ಕುಂತಿರ್ತದೆ. ಅಜ್ಜಿ ಓಡ್ಸಕ್ಕೆ ಬಿಡಲ್ಲ” ಎಂದಳು. ನಮ್ಮ ಕಡೆಯ ಬಚ್ಚಲುಮನೆಗಳಲ್ಲಿ ಬೇಸಿಗೆ ಕಳೆಯುವ ಮರಗಪ್ಪೆಯ ಮಾತು ಅದು. ಕೈಕಾಲು ಮೈಯಡಿಗೆ ಮಡಚಿಕೊಂಡು, ನೀರು ಆರುವ ಮೈಭಾಗವನ್ನು ಕಡಿಮೆ ಮಾಡಿಕೊಂಡು, ತೇವದ ಗೋಡೆಗೆ ಅಂಟಿ ಕೂತಿರುತ್ತದೆ. ಯಾರೂ ಸಾಕಿದ್ದಲ್ಲ, ಆದರೂ ಮನೆಯದೇ.

ಮರುದಿನ ಅವಳು ಬಾಯಗಲದ ಹಳೆಯ ಮಣ್ಣಿನ ಮಡಕೆ ತಂದಳು. ಅದನ್ನು ಜಗಲಿಯ ನೆರಳಲ್ಲಿ ಒದ್ದೆ ಮರಳಿನ ಮೇಲಿಟ್ಟು, ಒಳಗೆ ಎರಡು ಬೆರಳು ಎತ್ತರ ಬಾವಿನೀರು, ಹತ್ತಿ ಕೂರಲು ಒಂದು ಹೆಂಚಿನ ಚೂರು, ಬಾಯಿಗೆ ಒದ್ದೆ ಗೋಣಿಚೀಲ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಒಯ್ಯುತ್ತದೆ. ಗಾಳಿ ಒಣಗಿರುವ ಮಾರ್ಚ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ. ಪಕ್ಕದಲ್ಲಿ ಬಾಟಲಿಯಲ್ಲೂ ಬರೀ ನೀರು ತುಂಬಿಟ್ಟೆವು. ಎರಡರ ವ್ಯತ್ಯಾಸ ಹೇಳಲು ಮಕ್ಕಳಿಗೆ ಥರ್ಮಾಮೀಟರೂ ಬೇಕಾಗಲಿಲ್ಲ. ಬಾಷ್ಪೀಕರಣದ ಪಾಠವನ್ನು ನಾನು ಮತ್ತೆ ಬೇರೆಯಾಗಿ ಮಾಡಲಿಲ್ಲ. ಐಸ್ ಹಾಕೋಣವೇ ಎಂದವರೂ ಇದ್ದರು. ಬೇಡ ಎಂದೆ, ದಿಢೀರನೆ ತಣ್ಣಗಾಗುವುದೂ ಕಪ್ಪೆಗೆ ಪೆಟ್ಟೇ. ನಲ್ಲಿಯ ಕ್ಲೋರಿನ್ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಬೇಕು.

ಹೀಗೆ ತಂಪಾಗಿ ಇಡಬಹುದು ಎಂದ ಮಾತ್ರಕ್ಕೆ ಇಡಬೇಕು ಎಂದಲ್ಲ. ಎರಡು ದಿನ ನೋಡಿ, ಸಂಜೆಯ ತಂಪಿನಲ್ಲಿ ಮಕ್ಕಳೇ ಅದನ್ನು ಕೆರೆಯ ಜೊಂಡಿನ ಬಳಿ ಬಿಟ್ಟು ಬಂದರು. ಕೆಲವರು ಅತ್ತರು. ಗೋಂಕರುಕಪ್ಪೆಯಂಥವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ, ಕಪ್ಪೆಕಾಲಿನ ರಫ್ತನ್ನು ಸರ್ಕಾರ 1987ರಲ್ಲೇ ನಿಲ್ಲಿಸಿದೆ. ಕಾನೂನು ಕಾಯುವ ಪ್ರಾಣಿಯನ್ನು ಅಂಕಕ್ಕಾಗಿ ಬಾಟಲಿಗೆ ತುಂಬುವುದನ್ನು ಮಕ್ಕಳ ಮುಂದೆ ಹೇಗೆ ಸಮರ್ಥಿಸುವುದು?

ಕಪ್ಪೆ ಇಲ್ಲದೆ ಪಾಠ ಸಪ್ಪೆಯಾಗುತ್ತದೆ ಎಂಬ ಗೆಳೆಯರ ಆಕ್ಷೇಪ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ಆದರೆ ಮಾರ್ಚ್‌ನಲ್ಲಿ ನೆಲದೊಳಗೆ ಹುದುಗಿ ಗ್ರೀಷ್ಮನಿದ್ರೆ ಮಾಡುವ ಕಪ್ಪೆಗಳೂ ಇರುವಾಗ ಅವುಗಳ ಸಂತಾನೋತ್ಪತ್ತಿಯ ಪಾಠವನ್ನು ನಾವು ಆಗಲೇ ಮಾಡಬೇಕೇ? ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಸೊರಬ ಸೀಮೆಯ ಗದ್ದೆ, ಕೆರೆ, ರಸ್ತೆಬದಿಯ ಗುಂಡಿಯಲ್ಲೆಲ್ಲ ಮೊಟ್ಟೆಯಿಂದ ಗೊದಮೊಟ್ಟೆಯವರೆಗೆ ಎಲ್ಲ ಹಂತವೂ ಸಿಗುತ್ತದೆ. ನಡೆದು ಹೋಗಿ ನೋಡಿ ಬರಬಹುದು. ಬೇಸಿಗೆಯಲ್ಲಾದರೆ ಬಚ್ಚಲುಮನೆಯ ಕಪ್ಪೆ ಯಾವ ಹೊತ್ತಿಗೆ ಎಲ್ಲಿ ಕೂರುತ್ತದೆ ಎಂದು ಮುಟ್ಟದೆ ಒಂದು ವಾರ ಬರೆದುಕೊಂಡು ಬರಲಿ. ಆ ಹುಡುಗಿ ಬರೆದು ತಂದ ಪುಟದಲ್ಲಿ, ಅಜ್ಜಿ ಹಂಡೆಗೆ ಉರಿ ಹಾಕುವ ಮೊದಲೇ ಅದು ಜಾಗ ಬದಲಿಸುತ್ತದೆ ಎಂದಿತ್ತು.

ಮುಂದಿನ ಸಾಲಿನ ಪಾಠ ಹಂಚಿಕೆ ಮಾಡುವಾಗ ವಿಜ್ಞಾನ ವಿಭಾಗದ ಗುರುಗಳು ಈ ಘಟಕವನ್ನು ಮಳೆಗಾಲದ ತಂಡಕ್ಕೆ ಕೊಡಬೇಕೆಂದು ಕೋರುತ್ತೇನೆ. ವೀಕ್ಷಣಾ ನಮೂನೆಯಲ್ಲೂ ಒಂದು ಸಾಲು ಸೇರಲಿ: ತಂದ ಜೀವಿಯನ್ನು ಎಲ್ಲಿ, ಯಾವಾಗ ಬಿಡಲಾಯಿತು?